ಹನ್ನೆರಡನೇ ಪ್ರಶ್ನೆ

ಆರೋಗ್ಯ ಕೇಂದ್ರದ ಹಿರಿಯ ನರ್ಸಮ್ಮನಿಗೆ ಒಂದು ಕೆಟ್ಟ ಚಾಳಿ ಇತ್ತು. ಹೆಂಗಸರ ತಪಾಸಣೆಯ ಕಾರ್ಡಿನಲ್ಲಿ ಹನ್ನೆರಡನೇ ಪ್ರಶ್ನೆ ಹೀಗಿತ್ತು: ಲೈಂಗಿಕ ಸಂಪರ್ಕದ ವೇಳೆ ನೋವು ಅಥವಾ ತೊಂದರೆ ಇದೆಯೇ? ಬೆಳಿಗ್ಗೆ ಬಂದ ಕೂಡಲೇ ಅವಳು ಆ ದಿನದ ನಲವತ್ತು ಕಾರ್ಡುಗಳಲ್ಲೂ ಅದರ ಮುಂದೆ 'ಇಲ್ಲ' ಎಂದು ಬರೆದಿಟ್ಟುಬಿಡುತ್ತಿದ್ದಳು. ಹೊರಗೆ ಬೆಂಚು ತುಂಬ ಜನ, ನಡುವೆ ಬಾಗಿಲಿಲ್ಲ, ಬರೀ ಪರದೆ. ಕೇಳಿದರೂ ಯಾರು ತಾನೇ ಬಾಯಿ ಬಿಡುತ್ತಾರೆ? ಹದಿನೆಂಟು ವರ್ಷದಿಂದ ಊರಿನ ಹೆಂಗಸರೆಲ್ಲ ಅವಳ ಕೈಬರಹದಲ್ಲಿ ಸುಖವಾಗಿದ್ದರು.

ಅವಳೊಬ್ಬಳು ಮಾತ್ರ ಸುಖವಾಗಿರಲಿಲ್ಲ. ಮುಟ್ಟು ನಿಂತು ಎರಡು ವರ್ಷವಾಗಿತ್ತು. ಅಲ್ಲಿಂದೀಚೆಗೆ ಗಂಡ ಹತ್ತಿರ ಬಂದರೆ ಉರಿ, ನೋವು. ಮೊದಮೊದಲು ಹಲ್ಲು ಕಚ್ಚಿ ಸಹಿಸಿದಳು. ಆಮೇಲೆ ತಲೆನೋವು, ಸುಸ್ತು, ನಾಳೆ ಬೇಗ ಏಳಬೇಕು ಎಂಬ ನೆಪಗಳು ಶುರುವಾದವು. ಬಸ್ ಓಡಿಸುವ ಗಂಡ ಮಾತಿನಲ್ಲಿ ಮಹಾ ಜಿಪುಣ. ಮೂರು ತಿಂಗಳ ಹಿಂದೆ, ನನ್ನ ಗೊರಕೆಯಿಂದ ನಿನ್ನ ನಿದ್ದೆ ಕೆಡುತ್ತದೆ ಎಂದು ಹಾಸಿಗೆಯನ್ನು ಹಾಲಿಗೆ ಎಳೆದುಕೊಂಡು ಹೋದ. ಅವನು ಗೊರಕೆ ಹೊಡೆಯುವವನೇ ಅಲ್ಲ. ಹೀಗೇ ಬಿಟ್ಟರೆ ಗಂಡ ಕೈಬಿಟ್ಟು ಹೋಗುತ್ತಾನೆಂದು ಅವಳಿಗೆ ದಿಗಿಲು. ಹೇಳೋಣವೆಂದರೆ ಬಾಯಲ್ಲಿ ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ.

ಸಿಬ್ಬಂದಿಯ ವರ್ಷದ ತಪಾಸಣೆ ಬಂತು. ನಿಂತು ನಿಂತು ಕಾಲು ಸೋತಿದ್ದ ಅವಳು ಕೈಗೆ ಸಿಕ್ಕ ಕಾರ್ಡು ತುಂಬಿ ಹೊಸ ಡಾಕ್ಟರಮ್ಮನ ಮುಂದಿಟ್ಟಳು. ಅದು ಬೆಳಗಿನ ಕಟ್ಟಿನದೇ, 'ಇಲ್ಲ' ಮೊದಲೇ ಬರೆದಿಟ್ಟದ್ದು. ಮಗಳ ವಯಸ್ಸಿನ ಡಾಕ್ಟರಮ್ಮ ಶಾಯಿ ನೋಡಿದಳು: ಉಳಿದದ್ದೆಲ್ಲ ಕಪ್ಪು, ಹನ್ನೆರಡನೆಯದೊಂದು ನೀಲಿ, ದಿನಾ ಎಲ್ಲರ ಕಾರ್ಡಿನಲ್ಲೂ ಕಾಣುವ ಅದೇ ನೀಲಿ.

"ಸಿಸ್ಟರ್, ಈ 'ಇಲ್ಲ' ನಿಮ್ಮದಾ, ಎಲ್ಲರದ್ದಾ?"

ನಕ್ಕು ಜಾರಿಕೊಳ್ಳಬಹುದಿತ್ತು. ಆದರೆ ಜಾರಿಕೊಳ್ಳಲಿಕ್ಕೂ ಕಸುವು ಬೇಕಲ್ಲ, ಅದು ಅವಳಲ್ಲಿ ಉಳಿದಿರಲಿಲ್ಲ. ತಲೆ ತಗ್ಗಿಸಿ ಎಲ್ಲ ಹೇಳಿದಳು. ಡಾಕ್ಟರಮ್ಮ ಪರೀಕ್ಷಿಸಿ, ಇದು ಒಣಗುವಿಕೆ, ಈ ವಯಸ್ಸಿನಲ್ಲಿ ಬಹಳ ಜನಕ್ಕೆ ಬರುತ್ತದೆ ಎಂದು ಮುಲಾಮು ಬರೆದುಕೊಟ್ಟಳು. ಎಲ್ಲರಿಗೂ ಒಂದೇ ಥರ ಹಿತವಾಗಬೇಕೆಂದೇನಿಲ್ಲ. ಒಬ್ಬರಿಗೆ ನಿಧಾನ ಬೇಕು, ಇನ್ನೊಬ್ಬರಿಗೆ ಪಕ್ಕದಲ್ಲಿ ಮಲಗಿದರೇ ಸಾಕು, ಅದ್ಯಾವುದೂ ಕಾಯಿಲೆಯಲ್ಲ, ಮನೆಯವರ ಹತ್ತಿರ ಬಾಯಿಬಿಟ್ಟು ಮಾತಾಡಿ ಎಂದಳು. ಇಂಥ ಮಾತಿರುವ ಕರಪತ್ರವನ್ನು ನರ್ಸಮ್ಮ ಸಾವಿರಾರು ಜನಕ್ಕೆ ಹಂಚಿದ್ದಳು. ಒಂದನ್ನೂ ಓದಿರಲಿಲ್ಲ.

ಸಂಜೆ ಗಂಡ ಒಣಗಿದ ಬಟ್ಟೆ ಮಡಿಸುತ್ತಿದ್ದ. ಅವಳೂ ಎದುರು ಕೂತು ಒಂದು ಲಂಗ ಎಳೆದುಕೊಂಡು, ಅದನ್ನೇ ನೋಡುತ್ತ ಹೇಳಿ ಮುಗಿಸಿದಳು. ಅವನು ಒಂದೇ ಟವೆಲನ್ನು ಮೂರು ಸಲ ಮಡಿಸಿದ.

"ನಾನೇ ಬೇಡವಾದೆ ಅಂದ್ಕೊಂಡಿದ್ದೆ ಕಣೇ," ಎಂದ.

ಅವಳು ಇಲ್ಲವೆಂದು ತಲೆಯಾಡಿಸಿದಳು. ಇಷ್ಟು ದಿನ ಅವನೂ ಅಷ್ಟೇ ನೊಂದಿದ್ದಾನೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಅವನೇ ಕೇಳಿದ: "ಹಂಗಾದ್ರೆ ನಿಂಗೆ ಹೇಗಿದ್ರೆ ಇಷ್ಟ?"

ಇಪ್ಪತ್ತೇಳು ವರ್ಷದ ಸಂಸಾರವನ್ನೆಲ್ಲ ಅವಳು ಮನಸ್ಸಿನಲ್ಲೇ ತಿರುವಿಹಾಕಿದಳು.

"ಗೊತ್ತಿಲ್ಲ ರೀ. ಯಾರೂ ಕೇಳಿರ್ಲಿಲ್ಲ. ನಾನೂ ಕೇಳ್ಕೊಂಡಿರ್ಲಿಲ್ಲ."

ಅವನು ಟವೆಲ್ ಕೆಳಗಿಟ್ಟ.

"ನಂದೂ ನಂಗೆ ಗೊತ್ತಿಲ್ಲ," ಎಂದ.