ಟೈರಿನ ಸೀಳಿನಲ್ಲಿ ಸಿಕ್ಕ ಕಲ್ಲು

ಬಿಳಿ ಕಲ್ಲು, ತೊಗರಿಬೇಳೆಯಷ್ಟು, ಮುಂದಿನ ಟೈರಿನ ಸೀಳಿನಲ್ಲಿ ಸಿಕ್ಕಿಕೊಂಡಿದೆ, ಜಯ ಕೊನೆಯ ಸಲ ಕಾರು ಓಡಿಸಿದಾಗ ಹೊಕ್ಕಿದ್ದಿರಬೇಕು, ಬದುಕಿದ್ದಿದ್ದರೆ ಇಷ್ಟರಲ್ಲಿ ತೆಗೆದಿರುತ್ತಿದ್ದ, ಮಾನ್ಯ ಒಂದ್ ಪಿನ್ ಕೊಡೇ ಅನ್ನುತ್ತ, ನಾನು ಕೊಡುವ ಮುಂಚೆ ತಾನೇ ನನ್ನ ಕೂದಲಿನಿಂದ ಎಳೆದುಕೊಂಡು, ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಕಲ್ಲು ಎಬ್ಬಿಸುತ್ತಿದ್ದ, ಮೊದಲು ಒಳಗೆ ಒತ್ತಿ ಆಮೇಲೆ ಮೇಲಕ್ಕೆ ಮೀಟಿ, ಪಿನ್ನು ವಾಪಸ್ಸು ಬರುವಾಗ ತುದಿ ಬಾಗಿರುತ್ತಿತ್ತು, ಬಾಗಿದ ಪಿನ್ನು ಕೂದಲಿಗೆ ಸಲೀಸಾಗಿ ಹೋಗುವುದಿಲ್ಲ, ಚುಚ್ಚುತ್ತದೆ, ಈಗಲೂ ಕಿವಿಯ ಹಿಂದೆ ಒಂದು ಚುಚ್ಚುತ್ತಿದೆ — ಕಾರು ದಿವ್ಯಳಿಗೆ ಹೋದರೆ ಹೋಗಲಿ, ಇದು ನನ್ನದು, ಅವಳಿಗೆ ಟೈರಿನ ಬಗ್ಗೆ ಎಲ್ಲ ಗೊತ್ತಿರಬಹುದು, ಇದೊಂದು ಗೊತ್ತಿಲ್ಲ. ಟೈರ್ ಅಂಗಡಿಯ ಗೌಸ್ ಒಳಗಿನಿಂದ ಎರಡು ಹೊಸ ಟೈರು ಉರುಳಿಸಿಕೊಂಡು ಬಂದು ನನ್ನ ಮುಂದೆ ಒರಗಿಸುತ್ತಾನೆ, ಹೊಸ ರಬ್ಬರಿನ ವಾಸನೆ, ಹೊರಗೆ ರಾಮನಗರದ ಬಸ್ಸುಗಳ ಹಾರನ್ನು, ಮುಟ್ಟಿ ನೋಡಿ ಮೇಡಂ, ಇದು ಮೆತ್ತಗೆ, ರೋಡಿಗೆ ಅಂಟ್ಕೊಂಡೇ ಹೋಗುತ್ತೆ, ಎಂಥಾ ಮಳೆಲೂ ಹಿಡಿತ ಬಿಡಲ್ಲ, ಆದ್ರೆ ಬೇಗ ಸವೆಯುತ್ತೆ, ಅದು ಗಟ್ಟಿ, ವರ್ಷಗಟ್ಲೆ ಬರುತ್ತೆ, ಒದ್ದೆ ರೋಡಲ್ಲಿ ಮಾತ್ರ ಹುಷಾರಾಗಿ ಹೋಗ್ಬೇಕು, ಇಂಥಾ ಗಾಡಿಗೆ ಅದೇ ಕಷ್ಟ. ಉಗುರಿನಿಂದ ಒತ್ತಿ ನೋಡಿದೆ, ನನಗೆ ಎರಡೂ ಒಂದೇ. ಪಕ್ಕದಿಂದ ಇನ್ನೊಂದು ಕೈ ಬಂತು, ಹಸಿರು ಬಳೆ, ಎಲ್ಲಿ ಒತ್ತಬೇಕೋ ಅಲ್ಲೇ ಒತ್ತಿತು. ಅಕ್ಕ, ಭಾವ ಈ ಮೆತ್ತಂದೇ ಹಾಕುಸ್ಬೇಕು ಅಂತಿದ್ರು.

ಭಾವ ಅಂತಿದ್ರು. ಭಾವ ಏನೇನು ಅಂತಿದ್ದರೋ ಎಲ್ಲ ದಿವ್ಯಳಿಗೆ ಗೊತ್ತು, ನನ್ನ ಮೈದುನನ ಹೆಂಡತಿ, ಬೈರಾಪಟ್ಟಣದಲ್ಲಿ ಅಪ್ಪನ ಟ್ರ್ಯಾಕ್ಟರ್ ಓಡಿಸಿ ಬೆಳೆದವಳು, ಬಿಡದಿಯ ಕಾರು ಫ್ಯಾಕ್ಟರಿಯಲ್ಲಿ ಕೆಲಸ, ಮದುವೆಯಾಗಿ ಬಂದ ವಾರವೇ ಆ ಎರಡು ಸೀಟಿನ ಕಾರಿನ ಬಾನೆಟ್ಟು ಎತ್ತಿದವಳು. ಬೆಂಗಳೂರಿನ ಯಾರೋ ಓಡಿಸಿ ಸಾಕಾಗಿ ಮಾರಿದ್ದನ್ನು ಜಯ ಕೊಂಡು ತಂದು ಹಿಪ್ಪುನೇರಳೆ ಸೊಪ್ಪಿನ ಗಾಡಿಯ ಪಕ್ಕ ನಿಲ್ಲಿಸಿದ್ದ, ಅತ್ತೆ ಸುತ್ತು ಹಾಕಿ ನೋಡಿ, ಎಲ್ಡೇ ಸೀಟು, ನಾನೆಲ್ಲಪ್ಪಾ ಕುಂತ್ಕಳ್ಳಿ, ಡಿಕ್ಕೀಲಾ ಅಂದಿದ್ದರು. ರಾತ್ರಿ ಊಟಕ್ಕೆ ಕೂತರೆ ಅವರಿಬ್ಬರದೂ ಟೈರಿನದೇ ಮಾತು, ಹಿಂದಿನದು ಮುಂದಿನದಕ್ಕಿಂತ ಯಾಕೆ ಅಗಲ, ಬಿಸಿಯಾದಾಗ ಗಾಳಿ ಎಷ್ಟು ಏರುತ್ತದೆ, ಮುದ್ದೆ ಕೈಯಲ್ಲೇ ಒಣಗುತ್ತಿತ್ತು, ಅತ್ತಿಗೆ ಇವರಿಬ್ರಿಗೂ ಸಾರ್ ಬದ್ಲು ಒಸಿ ಪೆಟ್ರೋಲ್ ಬುಡಿ ಅಂತ ಮೈದುನ ನಗುತ್ತಿದ್ದ, ನಾನೂ ನಗುತ್ತಿದ್ದೆ, ಎಂ.ಎ. ಓದಿದ್ದೇನೆ, ಸಮಾಜಶಾಸ್ತ್ರ, ಆ ತಟ್ಟೆಗಳ ಮುಂದೆ ನನಗೊಂದು ಮಾತು ಹುಟ್ಟುತ್ತಿರಲಿಲ್ಲ. ಅವರ ನಡುವೆ ಅನುಮಾನ ಪಡುವಂಥದ್ದು ಏನೂ ಇರಲಿಲ್ಲ, ಅದೇ ಕಷ್ಟ, ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ನನ್ನ ಹತ್ತಿರ ಅವನು ಏನು ಮಾತಾಡುತ್ತಿದ್ದ, ಲೈಟ್ ಆರ್ಸು, ಬಾಗ್ಲು ಹಾಕಿದ್ಯಾ, ಮತ್ತೆ ಆ ದಿನ, ಟೈರ್ ಸವೆದೋಗವೆ ಕಣೇ, ಮಳೆಲಿ ಕಾರ್ ತೆಗೆಯಲ್ಲ, ಹೊಸಾವು ಹಾಕುಸ್ಲಿ ತಾಳು, ಅಂದು ಸ್ಕೂಟರ್ ಹತ್ತಿದ. ಕೈಲಾಂಚದ ತಿರುವು. ಅವನನ್ನು ತಂದಾಗ ಕಾರು ಕೊಟ್ಟಿಗೆಯಲ್ಲಿ ಬೆಚ್ಚಗೆ ನಿಂತಿತ್ತು, ಒಂದು ಹನಿ ಬಿದ್ದಿರಲಿಲ್ಲ ಅದರ ಮೇಲೆ.

ಗೌಸ್ ಕಾಯುತ್ತಿದ್ದಾನೆ. ಅತ್ತೆ ಬೆಳಿಗ್ಗೆ ಹೇಳಿ ಕಳಿಸಿದ್ದಾರೆ, ನಿಂತ್ರೆ ತುಕ್ಕು ಹಿಡಿತದೆ, ದಿವ್ಯ ಇಟ್ಕಳ್ಳಿ, ಓಡುಸ್ತಾಳೆ, ಟೈರ್ ಮಾತ್ರ ನೀನೇ ಆರುಸವ್ವ, ಹಿರೀ ಸೊಸೆ ನೀನು — ಹಾಗೆಂದು ಕುಂಕುಮದ ಪೊಟ್ಟಣ, ನಿಂಬೆಹಣ್ಣು ದಿವ್ಯಳ ಕೈಗೆ ಕೊಟ್ಟರು, ನನ್ನ ಕಡೆ ನೋಡದೆ. ಹೊಸ ಚಕ್ರಕ್ಕೆ ಬೊಟ್ಟಿಡುವುದು ಮುತ್ತೈದೆ, ನಿಂಬೆಹಣ್ಣು ಚಕ್ರದಡಿ ಅಪ್ಪಚ್ಚಿಯಾಗುವಾಗ ಒಳಗೆ ಕೂತಿರುವುದು ಅವಳು, ಆರಿಸುವುದೊಂದು ನನ್ನ ಪಾಲು. ಮೆತ್ತನೆಯದು ಹಾಕಿದರೆ ಅವನ ಆಸೆ ಅವಳ ಕಾಲಡಿ ಓಡಾಡುತ್ತದೆ, ದಿನಾ ಬಿಡದಿಗೆ, ದಿನಾ ವಾಪಸ್ಸು, ಭಾವ ಹೇಳಿದ್ದೇ ಸರಿ ಅಂದುಕೊಳ್ಳುತ್ತ. ಗಟ್ಟಿಯದು ಹಾಕಿ ಅಂದೆ. ಸಾರ್ ಮೆತ್ತಗಿಂದು ಕೇಳಿದ್ರು ಮೇಡಂ, ಮುಂದೆ ಮಳೆಗಾಲ ಬೇರೆ. ಗಟ್ಟಿಯದು. ಅವಳು ನಿಧಾನ ಓಡಿಸುವವಳಲ್ಲ, ಕತ್ತಲಾದ ಮೇಲೆ ಅದೇ ತಿರುವಿನಲ್ಲಿ ಬರುತ್ತಾಳೆ, ಅದೂ ನನಗೆ ಗೊತ್ತು, ಗೊತ್ತಿದ್ದೇ ಅಂದೆ. ದಿವ್ಯ ನನ್ನನ್ನು ನೋಡಿದಳು, ಆಮೇಲೆ ಟೈರನ್ನು, ಅಕ್ಕ ಹೇಳಿದ್ದೇ ಹಾಕಿ ಗೌಸಣ್ಣ. ಒಂದು ಮಾತು ಎದುರಾಡಬಾರದೇ. ಜಾಕು ಏರಿತು, ಹಳೆಯ ಚಕ್ರ ಬಿಚ್ಚಿ ಬಂತು, ಮೂಲೆಯ ರಾಶಿಗೆ ಉರುಳಿಸಲು ಗೌಸ್ ಬಗ್ಗಿದ. ಒಂದ್ನಿಮ್ಸ ತಾಳಿ ಅಣ್ಣ. ದಿವ್ಯ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಳು, ಕೈ ತಲೆಗೆ ಹೋಯಿತು, ಕೂದಲಿನಿಂದ ಪಿನ್ನು ಎಳೆದಳು, ಸೀಳಿಗೆ ಹಾಕಿ ಮೊದಲು ಒಳಗೆ ಒತ್ತಿ, ಆಮೇಲೆ ಮೇಲಕ್ಕೆ ಮೀಟಿ —

ಕಲ್ಲು ನನ್ನ ಅಂಗೈಯಲ್ಲಿದೆ, ಅವಳ ಚೂಡಿದಾರಕ್ಕೆ ಒರೆಸಿ ಇಟ್ಟದ್ದು. ಭಾವನ ಕಾಲದ್ದು ಅಕ್ಕ, ಟೈರ್ ಜೊತೆ ಎಸೆದ್ಬುಡ್ತಾರೆ, ನೀನಿಟ್ಕೋ. ನೀನ್ ತವರಿಗೆ ಹೋದಾಗೆಲ್ಲ ನನ್ ಪಿನ್ನುನೂ ಹಿಂಗೇ ಹಾಳ್ ಮಾಡವ್ರೆ ನೋಡು, ಅಂತ ನಗುತ್ತಾಳೆ, ನಗುತ್ತಲೇ ಕಣ್ಣು ಒದ್ದೆ, ಅವಳೂ ಅಳುತ್ತಾಳೆ ಅವನಿಗಾಗಿ, ಅಷ್ಟಕ್ಕೂ ಹಕ್ಕಿದೆ ಅವಳಿಗೆ. ತಾನೇ ಎಳೆದುಕೊಂಡನೋ, ಅವಳೇ ತೆಗೆದುಕೊಟ್ಟಳೋ, ಕೇಳಲಾರೆ. ಪಿನ್ನಿಲ್ಲದ ಕಡೆ ಒಂದು ಎಳೆ ಜಾರಿ ಅವಳ ಕತ್ತಿನ ಮೇಲೆ ಬಿದ್ದಿದೆ, ಸಣ್ಣ ಕತ್ತು, ಒದ್ದೆ ರಸ್ತೆ, ಸ್ಕೂಟರು ಜಾರಿದ ಗೆರೆ ಮಳೆಯಲ್ಲಿ ತೊಳೆದು ಹೋಗಿತ್ತು ಅಂದಿದ್ದರು — ಗೌಸಣ್ಣ, ಮೆತ್ತನೆಯದೇ ಹಾಕಿ. ಈಗ್ತಾನೆ ಗಟ್ಟಿ ಅಂದ್ರಿ ಮೇಡಂ. ಮೆತ್ತನೆಯದು. ಪ್ರೀತಿಯಿಂದಲ್ಲ, ಅದೇ ಮನೆಯಿಂದ ಅದೇ ತಿರುವಿಗೆ ಇನ್ನೊಬ್ಬರನ್ನು ಕಳಿಸಲಾರೆ ಅಷ್ಟೇ. ದಿವ್ಯ ಕುಂಕುಮದ ಪೊಟ್ಟಣ ಬಿಚ್ಚುವ ಮುಂಚೆ ಪಿನ್ನನ್ನು ಕೂದಲಿಗೆ ಸಿಕ್ಕಿಸುತ್ತಾಳೆ, ಹೋಗುವುದಿಲ್ಲ, ಮತ್ತೆ ಒತ್ತುತ್ತಾಳೆ, ಹೋಗುವುದಿಲ್ಲ, ಕಪ್ಪು ಬಣ್ಣ ಕಿತ್ತು ಹೋಗಿ ಬೆಳ್ಳಗಾದ ತುದಿ, ಇವತ್ತು ಬಾಗಿದ್ದಲ್ಲ, ಎಂದೋ ಬಾಗಿದ್ದು, ಬಾಗಿದ ತುದಿ, ನನ್ನದರ ಹಾಗೆಯೇ, ಎಡಕ್ಕೆ.