ಐದೂವರೆ ಗಂಟೆ

ಜ್ಞಾನಭಾರತಿ ವಿಶ್ವವಿದ್ಯಾಲಯ ಆವರಣದಲ್ಲಿ ಪ್ರಾಜೆಕ್ಟ್ ಸಹಾಯಕಿಯಾಗಿದ್ದ ಗುರುದೇವಿ ಮೂರು ವಾರ ಕೂತು ಒಂದು ಕಂಪ್ಯೂಟರ್ ಸ್ಕ್ರಿಪ್ಟ್ ಬರೆದಿದ್ದಳು. ಅದನ್ನು ಓಡಿಸಿದರೆ ಹವಾಮಾನ ಮುನ್ಸೂಚನೆಯ ಕಡತದಿಂದ ನಗರದ ಪಶ್ಚಿಮ ಭಾಗದ ಅಂಕಿಗಳು ಹೊರಬಂದು, ಮುಂದಿನ ಮೂರು ದಿನ ಯಾವ ಹೊತ್ತಿಗೆ ಎಷ್ಟು ಮಳೆ ಎಂಬ ಗೆರೆ ಪರದೆಯ ಮೇಲೆ ಮೂಡುತ್ತಿತ್ತು. ೨೦೦೫ರ ಅಕ್ಟೋಬರಿನ ಒಂದು ಬುಧವಾರ ಆ ಗೆರೆ ಮರುದಿನದ ಹನ್ನೆರಡು ಗಂಟೆಯ ನೇರಕ್ಕೆ ಚೂಪಾಗಿ ಎದ್ದು ನಿಂತಿತು.

ಹೇರೋಹಳ್ಳಿಯಲ್ಲಿ ಅವಳು ಬಾಡಿಗೆಗಿದ್ದ ಮನೆ ಮಳೆನೀರು ಹರಿಯುವ ರಾಜಕಾಲುವೆಯ ಅಂಚಿಗೇ ಇತ್ತು. ಮಹಡಿಯ ಮೇಲೆ ಶೀಟು ಹೊದಿಸಿದ ಕೋಣೆ ಅವಳದು. ಕೆಳಗೆ ಮನೆಯೊಡತಿ ಲಿಂಗಮ್ಮ ಮತ್ತು ಲಕ್ವ ಹೊಡೆದು ಮಲಗಿದ್ದ ಅವಳ ಗಂಡ ರಾಮಯ್ಯ.

"ನಾಳೆ ಮಧ್ಯಾಹ್ನ ಜೋರು ಮಳೆ ಇದೆ ಅಜ್ಜಿ. ತಾತನ್ನ ಬೆಳಿಗ್ಗೆನೇ ಮೇಲಕ್ಕೆ ಕರ್ಕೊಂಡ್ ಹೋಗೋಣ."

"ಓದಿದೋಳು, ನೀನು ಹೇಳಿದ್ಮೇಲೆ ಸರಿ ಕಣವ್ವಾ," ಅಂದಳು ಲಿಂಗಮ್ಮ.

ಗುರುವಾರ ಬೆಳಿಗ್ಗೆ ಇಬ್ಬರೂ ಸೇರಿ ರಾಮಯ್ಯನನ್ನು ಕುರ್ಚಿಯ ಸಮೇತ ಮೆಟ್ಟಿಲು ಹತ್ತಿಸಿದರು. ಹನ್ನೆರಡಾಯಿತು, ಒಂದಾಯಿತು. ಆಕಾಶದಲ್ಲಿ ಮೋಡದ ಚೂರೂ ಇಲ್ಲ. ಕಾದ ಶೀಟಿನ ಕೆಳಗೆ ಮುದುಕ ಬೆವರಿ ನರಳತೊಡಗಿದ. ಎರಡು ಗಂಟೆಗೆ ಲಿಂಗಮ್ಮ, "ಬೆಂದೋಗ್ತವ್ರೆ, ಇಳಿಸಿಬಿಡಾನ" ಅಂದಾಗ ಗುರುದೇವಿ ನಾಚಿಕೊಂಡೇ ಕುರ್ಚಿಗೆ ಕೈ ಹಾಕಿದಳು. ಇಳಿಸಿ, ಕೆಲಸಕ್ಕೆ ಹೋದಳು.

ತಪ್ಪು ಎಲ್ಲಿದೆಯೆಂದು ಸ್ಕ್ರಿಪ್ಟನ್ನು ಸಾಲು ಸಾಲಾಗಿ ಓದುತ್ತಿದ್ದಾಗ ಹೊರಗೆ ಗುಡುಗಿತು. ಮುನ್ಸೂಚನೆಯ ಕಡತ ತೆರೆದು ಮೊದಲ ಸಾಲು ನೋಡಿದಳು. ಅಲ್ಲಿದ್ದ ಸಮಯ ಗ್ರೀನಿಚ್‌ನದು. ನಮ್ಮ ಸಮಯ ಬೇಕಾದರೆ ಅದಕ್ಕೆ ಐದೂವರೆ ಗಂಟೆ ಕೂಡಿಸಬೇಕಿತ್ತು. ಅಲ್ಲಿಯ ಹನ್ನೆರಡು ಎಂದರೆ ಇಲ್ಲಿ ಸಂಜೆ ಐದೂವರೆ. ಗೋಡೆಯ ಗಡಿಯಾರದಲ್ಲಿ ಆಗಲೇ ಐದೂಕಾಲು.

ಅವಳು ಕರೆ ಮಾಡಿದಾಗ ಲಿಂಗಮ್ಮನ ಮನೆಯ ಫೋನು ಬಡಿದುಕೊಂಡಿತು, ಯಾರೂ ಎತ್ತಲಿಲ್ಲ. ಹತ್ತಿದ ಬಸ್ಸು ಅರ್ಧ ದಾರಿಯಲ್ಲಿ ನೀರಿಗೆ ಸಿಕ್ಕಿ ನಿಂತಿತು. ಉಳಿದದ್ದನ್ನು ಅವಳು ಓಡಿದಳು, ಬಿದ್ದಳು, ನಡೆದಳು. ಕೆಳಮನೆಯಲ್ಲಿ ಎದೆಮಟ್ಟ ನೀರು. ಲಿಂಗಮ್ಮ ಗಂಡನ ತಲೆಯನ್ನು ಹೆಗಲಿಗೆ ಒತ್ತಿಕೊಂಡು ನಿಂತಿದ್ದಳು. ಅವಳು ಕೂಗಿದ್ದು ಆ ಮಳೆಯಲ್ಲಿ ಯಾರಿಗೂ ಕೇಳಿರಲಿಲ್ಲ. ಅವನ ಉಸಿರು ಯಾವಾಗ ನಿಂತಿತೆಂದು ಅವಳಿಗೂ ತಿಳಿದಿರಲಿಲ್ಲ.

ಸಾವಿಗೆ ಬಂದವರಿಗೆಲ್ಲ ಲಿಂಗಮ್ಮ, "ಮಳೆ ಬತ್ತದೆ ಅಂತ ಈ ಹುಡುಗಿ ಹೇಳಿದ್ಲು, ನಾನೇ ಇಳಿಸ್ದೆ" ಎನ್ನುತ್ತಿದ್ದಳು. ಮೂರನೆಯ ದಿನ ಗುರುದೇವಿಗೆ ತಡೆಯಲಾಗಲಿಲ್ಲ.

"ತಪ್ಪು ನಿಮ್ದಲ್ಲ ಅಜ್ಜಿ. ನಾನೇ ಟೈಮ್ ತಪ್ಪು ಹಾಕಿದ್ದೆ. ಮಳೆ ಇದ್ದಿದ್ದು ಸಾಯಂಕಾಲಕ್ಕೆ. ಸರಿಯಾಗಿ ಹಾಕಿದ್ರೆ ತಾತ ಮೇಲೇ ಇರ್ತಿದ್ರು."



"ಇದನ್ನ ಯಾಕವ್ವಾ ಹೇಳ್ದೆ?" ಅಂದಳು ಲಿಂಗಮ್ಮ. "ನಂದೇ ತಪ್ಪು ಅಂದ್ಕೊಂಡು ಹೆಂಗೋ ಇದ್ದೆ. ಈಗ ನಿನ್ನ ಮುಖ ಹೆಂಗೆ ನೋಡ್ಲಿ?"

ತಿಂಗಳು ತುಂಬುವ ಮೊದಲೇ ಗುರುದೇವಿ ಕೋಣೆ ಖಾಲಿ ಮಾಡಿದಳು. ಲಿಂಗಮ್ಮ ಬಾಗಿಲಿಗೆ ಬರಲಿಲ್ಲ.