ಮೇಲ್ಸೀಮೆಯವಳು ಹಾಕಿದ ಗಂಟು

೧

ಎಲ್ಲಿಂದ ಶುರು ಮಾಡಲಿ? ನಗೆಯಿಂದ ಮಾಡೋಣ ಎಂದೇ ಕೂತಿದ್ದೆ. ಸಂಪಾದಕರು ಕೇಳಿದ್ದು ಒಂದು ಹಗುರವಾದ ಕತೆ. ಒಂದೇ ರಾಜ್ಯ, ಎರಡು ಸೀಮೆ. ಮೇಲ್ಸೀಮೆಯವರು ಕೆಳಸೀಮೆಯವರ ಕಾಲೆಳೆಯುವುದು, ಕೆಳಸೀಮೆಯವರು ಅದನ್ನು ಬಡ್ಡಿ ಸಮೇತ ತೀರಿಸುವುದು, ಕೊನೆಗೆ ಎಲ್ಲರೂ ಒಂದೇ ಬೆಂಚಿನ ಮೇಲೆ ಕೂತು ಟೀ ಕುಡಿಯುವುದು. "ಓದುಗರಿಗೆ ಖುಷಿಯಾಗ್ಬೇಕು ಸಾರ್, ಅಷ್ಟೇ" ಎಂದಿದ್ದರು. ಮೊದಲ ಡ್ರಾಫ್ಟ್ ಹಾಗೇ ಇತ್ತು. ಹರಿದು ಹಾಕಿದೆ. ಖುಷಿ ಬೇಕಾದವರು ಈಗಲೇ ಪುಟ ತಿರುಗಿಸಬಹುದು, ನನಗೇನೂ ಬೇಜಾರಿಲ್ಲ. (ಇದೆ. ಆದರೂ ತಿರುಗಿಸಿ.)

೨

ಆಸ್ಪತ್ರೆಯೊಂದರ ಹಿಂಬದಿಯ ಲಾಂಡ್ರಿ. ಆವಿ, ಸೋಪಿನ ಘಾಟು, ಎರಡು ರೋಲರ್ ಮಷಿನ್. ಒದ್ದೆ ಬೆಡ್‌ಶೀಟಿನ ತುದಿ ಹಿಡಿದು ಬಿಸಿ ರೋಲರಿಗೆ ಕೊಟ್ಟರೆ ಆಚೆ ಬದಿಯಲ್ಲಿ ಇಸ್ತ್ರಿಯಾಗಿ ಬರುತ್ತದೆ. ರೋಲರಿನ ಮುಂದೆ ಒಂದು ತಡೆಪಟ್ಟಿ. ಕೈ ತಗುಲಿದರೆ ಮಷಿನ್ ಗಕ್ಕನೆ ನಿಲ್ಲುತ್ತದೆ. ಬಾಗಿಲ ಪಕ್ಕದ ಮಷಿನ್ ಮೇಲ್ಸೀಮೆಯ ಹೆಂಗಸರದು, ಕಿಟಕಿ ಪಕ್ಕದ್ದು ಕೆಳಸೀಮೆಯವರದು. ಯಾರೂ ಹಾಗೆಂದು ಹಂಚಿರಲಿಲ್ಲ. ಮಾತು ಸೇರಿದವರು ಒಟ್ಟಿಗೆ ನಿಂತರು, ಅಷ್ಟೇ.

ನಮ್ಮ ಕತೆಯವಳು ಮೇಲ್ಸೀಮೆಯವಳು. ಕೆಳಸೀಮೆಯವರು ಅವಳಿಗಿಟ್ಟ ಹೆಸರು ನಿಧಾನಿ. ಕೆಳಸೀಮೆಯ ಮಷಿನ್ನಿಗೆ ಶೀಟು ಕೊಡುವವಳಿಗೆ ಮೇಲ್ಸೀಮೆಯವರಿಟ್ಟ ಹೆಸರು ಬಿರುಗಾಳಿ. ಇಬ್ಬರೂ ಊಟದ ಹೊತ್ತಿಗೆ ಒಂದೇ ಡಬ್ಬಿಗೆ ಕೈ ಹಾಕುವವರು. ಬಿರುಗಾಳಿಯ ಮಗಳ ಹೆರಿಗೆಗೆ ರಾತ್ರಿಯಿಡೀ ಜೊತೆಗಿದ್ದವಳು ನಿಧಾನಿಯೇ.

ಪ್ರತಿ ಶನಿವಾರ ಪಂದ್ಯ. ಯಾವ ಸೀಮೆ ಹೆಚ್ಚು ಶೀಟು ಮುಗಿಸುತ್ತದೋ ಅದಕ್ಕೆ ಸೋತವರು ಟೀ ತಂದುಕೊಡಬೇಕು. ಶೀಟು ಉಬ್ಬಿ ಪಟ್ಟಿಗೆ ತಗುಲಿ ಮಷಿನ್ ನಿಂತರೆ, "ದಣಿವಾರಿಸ್ಕೊಳ್ಳೋಕೆ ನೀವೇ ಒತ್ತಿದ್ರಿ" ಎಂದು ಜಗಳ. ಅದಕ್ಕೊಂದು ಒಪ್ಪಂದ ಹುಟ್ಟಿತು. ಪಂದ್ಯ ಮುಗಿಯುವತನಕ ಪಟ್ಟಿಯನ್ನು ಹರಿದ ಶೀಟಿನ ಚೂರಿನಿಂದ ಎತ್ತಿ ಕಟ್ಟಿಬಿಡುವುದು. ನಮ್ಮದನ್ನು ನೀವು ಕಟ್ಟಿ, ನಿಮ್ಮದನ್ನು ನಾವು. ಮೋಸಕ್ಕೆ ಜಾಗವೇ ಇಲ್ಲ ನೋಡಿ.

(ಪಟ್ಟಿ ಇರುವುದು ಯಾತಕ್ಕೆ ಎಂದು ಯಾರಿಗೂ ಹೊಳೆಯಲಿಲ್ಲವೇ ಎಂದು ಕೇಳುತ್ತೀರಿ. ಹೊಳೆದಿತ್ತು. ಸೀಮೆಯ ಮಾನ ಅದಕ್ಕಿಂತ ದೊಡ್ಡದಾಗಿ ಕಂಡಿತು. ನೀವೂ ಯಾವುದಾದರೊಂದು ಸೀಮೆಯವರೇ ತಾನೆ, ಹೆಚ್ಚು ನಗಬೇಡಿ.)

೩

ಇಲ್ಲಿ ನಿಧಾನಿ ನನ್ನನ್ನು ತಡೆದಳು.

"ಮುಂದಕ್ಕೆ ಹೋಗ್ಬೇಡ."

"ಯಾಕಮ್ಮ?"

"ಆ ಶನಿವಾರ ನಾನು ರಜಾ ಹಾಕಿದ್ದೆ ಅಂತ ಬರಿ. ಒಂದು ಸಾಲು ತಾನೆ? ನಿನ್ನ ಗಂಟೇನು ಹೋಗುತ್ತೆ?"

ಬರೆದೆ. ಆ ಡ್ರಾಫ್ಟಿನಲ್ಲಿ ಅವಳ ಬದಲು ಇನ್ನೊಬ್ಬಳು ಪಟ್ಟಿ ಕಟ್ಟಿದಳು, ರೋಲರಿಗೆ ಸಿಕ್ಕ ಕೈ ಮಾತ್ರ ಬಿರುಗಾಳಿಯದೇ. "ಹಾಗಾದ್ರೆ ಪಟ್ಟಿ ಕಟ್ಟಲೇ ಇಲ್ಲ ಅಂತ ಬರಿ" ಎಂದಳು. ಅದನ್ನೂ ಬರೆದೆ. ಎಲ್ಲರೂ ಟೀ ಕುಡಿದು ನಗುತ್ತ ಮನೆಗೆ ಹೋದರು. ಸಂಪಾದಕರಿಗೆ ಬೇಕಿದ್ದದ್ದು ಇದೇ. ನಿಧಾನಿ ಆ ಹಾಳೆಯನ್ನು ಎತ್ತಿಕೊಂಡು ಮೊದಲಿಂದ ಓದಿದಳು.

"ಎಷ್ಟು ಚೆನ್ನಾಗಿದೆ. ನಡೆಯೋದಿಲ್ಲ ಅಲ್ವಾ?"

"ಇಲ್ಲ" ಎಂದೆ.

"ನೀನು ಯಾವ ಸೀಮೆಯವನು?"

"ಅಪ್ಪ ಮೇಲಿನವರು, ಅಮ್ಮ ಕೆಳಗಿನವರು."

"ಅದಕ್ಕೇ ಎರಡು ಕಡೆಗೂ ಬೇಡವಾಗಿದ್ದೀಯ."

೪

ಸರಿ, ನಡೆದದ್ದನ್ನೇ ಹೇಳುತ್ತೇನೆ.

ಹಿಂದಿನ ಶನಿವಾರ ನಿಧಾನಿ ಹಾಕಿದ್ದ ಗಂಟು ಪಂದ್ಯದ ನಡುವೆ ಸಡಿಲಿತ್ತು. "ನಿಮ್ಮ ಕಡೆಯವರ ಗಂಟು ಸೀನಿದ್ರೂ ಬಿಚ್ಕೊಳ್ಳುತ್ತೆ ಕಣೇ!" ಎಂದು ಬಿರುಗಾಳಿ ಇಡೀ ಲಾಂಡ್ರಿಗೆ ಕೇಳುವಂತೆ ನಕ್ಕಿದ್ದಳು. ಎಲ್ಲರೂ ನಕ್ಕರು, ನಿಧಾನಿಯೂ ನಕ್ಕಳು. ಆದರೆ ಮನಸ್ಸಿಗೆ ಚುಚ್ಚಿತ್ತು. ಈ ಶನಿವಾರ ಗಂಟಿನ ಮೇಲೆ ಗಂಟು ಹಾಕಿದಳು, ನೀರು ಚಿಮುಕಿಸಿ ಬಿಗಿದಳು. "ಈಗ ಸೀನು ನೋಡೋಣ" ಎಂದಳು. ಬಿರುಗಾಳಿ ಬೇಕೆಂದೇ ಸೀನಿದಳು.

ನಡುವೆ ಶೀಟೊಂದು ಮುದುಡಿತು. ಅದನ್ನು ಸರಿಮಾಡಲು ಬಿರುಗಾಳಿ ಕೈ ಚಾಚಿದಳು. ಬಟ್ಟೆಯ ಜೊತೆ ಬೆರಳುಗಳೂ ಒಳಗೆ ಹೋದವು. ನಿಧಾನಿ ಓಡಿಬಂದು ಗಂಟು ಬಿಚ್ಚತೊಡಗಿದಳು. ಬಿಚ್ಚಲಿಲ್ಲ. ಗೋಡೆಯ ಸ್ವಿಚ್ ಅವಳಿಗೆ ನೆನಪಾಗಲೇ ಇಲ್ಲ; ಇನ್ಯಾರೋ ಆರಿಸಿದರು. (ಇಲ್ಲೊಂದು ಉಪಮೆ ಹಾಕುವ ಚಪಲವಿತ್ತು. ನಾಚಿಕೆಯಾಗಿ ಬಿಟ್ಟೆ.) ಬಲಗೈಯನ್ನು ಮಣಿಕಟ್ಟಿನವರೆಗೆ ಕತ್ತರಿಸಬೇಕಾಯಿತು, ಅದೇ ಆಸ್ಪತ್ರೆಯಲ್ಲಿ.

೫

ವಿಚಾರಣೆಗೆ ಮುಂಚೆ ಮೇಲ್ವಿಚಾರಕ ನಿಧಾನಿಯನ್ನು ಪಕ್ಕಕ್ಕೆ ಕರೆದ.

"ಪಟ್ಟಿ ಅವಳೇ ಕಟ್ಕೊಂಡಿದ್ಲು ಅನ್ನಿ. ಇಲ್ಲಾಂದ್ರೆ ನಿಮ್ಮ ಕೆಲಸಾನೂ ಹೋಗುತ್ತೆ, ನಂದೂ ಹೋಗುತ್ತೆ."

ಮೇಲ್ಸೀಮೆಯ ಹೆಂಗಸರು ಅವಳ ಸುತ್ತ ನಿಂತರು. "ನಮ್ಮವಳನ್ನ ನಾವು ಬಿಟ್ಕೊಡ್ತೀವಾ? ಆ ಕಡೆಯವ್ರು ಮೊದಲೇ ಅವಸರಗೇಡಿಗಳು, ಯಾರು ಬೇಕಾದ್ರೂ ನಂಬ್ತಾರೆ."

ಅಲ್ಲಿಯವರೆಗೆ ತಮಾಷೆಯಾಗಿದ್ದ ಮಾತು ಅಂದು ಸಾಕ್ಷಿಯಾಯಿತು. ಅಧಿಕಾರಿ ಕೇಳಿದಾಗ ನಿಧಾನಿ, "ಹೌದು, ಅವಳೇ ಕಟ್ಕೊಂಡ್ಲು" ಎಂದಳು. ತಡವರಿಸಲೂ ಇಲ್ಲ. ಬಿರುಗಾಳಿಯನ್ನು ಕೆಲಸದಿಂದ ತೆಗೆದರು. ನನಗೆ ನಿಧಾನಿಯ ಮೇಲೆ ಸಿಟ್ಟು ಬಂತು, ಈಗಲೂ ಇದೆ. ಕತೆಗಾರ ಪಾತ್ರಗಳ ಮೇಲೆ ಸಿಟ್ಟಾಗಬಾರದು ಎನ್ನುವವರು ಬೇರೆ ಕತೆ ಓದಿಕೊಳ್ಳಲಿ.

೬

ಮುಕ್ತಾಯಗಳಿವೆ, ಆರಿಸಿಕೊಳ್ಳಿ.

ಅ) ನಿಧಾನಿ ಅಧಿಕಾರಿಯ ಬಳಿಗೆ ಮರಳಿ ಹೋಗಿ ನಿಜ ಹೇಳುತ್ತಾಳೆ. (ಬಾಗಿಲವರೆಗೂ ಕರೆದೊಯ್ದೆ. ಹೊಸ್ತಿಲು ದಾಟಲಿಲ್ಲ ಮಹಾತಾಯಿ.)

ಆ) ಎರಡೂ ಸೀಮೆಯ ಹೆಂಗಸರು ಒಂದಾಗಿ ಮೇಲ್ವಿಚಾರಕನ ವಿರುದ್ಧ ಘೋಷಣೆ ಕೂಗುತ್ತಾರೆ. (ಕಾಲೇಜಿನಲ್ಲಿದ್ದಾಗ ಇಂಥವನ್ನು ಬರೆದು ಬಹುಮಾನ ಗಿಟ್ಟಿಸಿದ್ದೆ. ಬೇಡ.)

ಇ) ನಿಧಾನಿ ಬಿರುಗಾಳಿಯ ಮನೆಗೆ ಹೋಗುತ್ತಾಳೆ. ಇದನ್ನು ಅವಳೇ ಕೇಳಿದಳು. "ಬೈಯಲಿ, ಅಳಲಿ, ಕೊನೇಲಿ ಕ್ಷಮಿಸಲಿ. ಹಾಗೆ ಬರಿ." ಬರೆಯಲು ಕೂತೆ.

ಚಿಕ್ಕ ಕೋಣೆ. ಬಿರುಗಾಳಿ ಟವೆಲಿನ ತುದಿಯನ್ನು ಗದ್ದದಡಿ ಒತ್ತಿಕೊಂಡು ಎಡಗೈಯಲ್ಲಿ ಮಡಿಸುತ್ತಿದ್ದಳು. ನಿಧಾನಿ ಬಾಗಿಲಲ್ಲೇ ನಿಂತು, "ಗಂಟು ಹಾಕಿದ್ದು ನಾನು ಕಣೇ. ನನ್ನನ್ನ ಕ್ಷಮಿಸು" ಎಂದಳು.

"ಅದು ನಂಗೊತ್ತಿಲ್ವಾ? ಪಕ್ಕದಲ್ಲೇ ನಿಂತು ನಕ್ಕವಳು ನಾನು. ಅದರಲ್ಲಿ ನನ್ನ ಪಾಲೂ ಇದೆ, ಬಿಡು."

ನಿಧಾನಿ ನನ್ನ ಕಡೆ ನೋಡಿದಳು, ಇಷ್ಟು ಸಾಕು, ಇಲ್ಲಿಗೇ ಮುಗಿಸು ಎನ್ನುವಂತೆ. ನಾನೂ ಮುಗಿಸುವವನೇ ಇದ್ದೆ, ಸುಳ್ಳೇಕೆ.

"ಇರು" ಎಂದಳು ಬಿರುಗಾಳಿ. "ಆಫೀಸರ್ ಮುಂದೆ ಏನು ಹೇಳ್ದೆ? ಊರವರ ಬಾಯಲ್ಲೆಲ್ಲಾ ಕೇಳಿದೀನಿ. ನಿನ್ನ ಬಾಯಲ್ಲಿ ಕೇಳ್ಬೇಕು."

ನಿಧಾನಿ ನನ್ನ ಕಿವಿಯ ಬಳಿ ಬಂದು ಪಿಸುಗುಟ್ಟಿದಳು:

"ಈ ಸಾಲು ತೆಗೆದುಹಾಕು."

"ನಾನು ಬರೆದದ್ದಲ್ಲ ಅದು" ಎಂದೆ. ನಿಜವಾಗಿಯೂ ನಾನು ಬರೆದಿರಲಿಲ್ಲ.

ಉಳಿದದ್ದು ಓದುಗರಿಗೆ ಬಿಟ್ಟದ್ದು ಎಂದು ಜಾಣತನದ ಮಾತೊಂದನ್ನು ಅಂಟಿಸಿ ಎದ್ದುಬಿಡೋಣವೆಂದು ಪೆನ್ನಿನ ಕ್ಯಾಪು ಹಾಕಿದೆ. ಬಿರುಗಾಳಿ ಟವೆಲನ್ನು ಬದಿಗಿಟ್ಟು, ಮೊದಲ ಸಲ ನನ್ನತ್ತ ತಿರುಗಿದಳು.

"ನೀನೂ ಕೂತ್ಕೋ. ಅವಳು ಹೇಳೋವರೆಗೂ ಇದು ಮುಗಿಯೋದಿಲ್ಲ."